ಆನೆಗಳು ಹೊರಟ ಮೇಲೆ ಸೊಪ್ಪಿನ ಮಡಿ

ಜಂಬೂಸವಾರಿ ಮುಗಿದ ಎರಡು ಮೂರು ದಿನಕ್ಕೆ ಆನೆಗಳು ಲಾರಿ ಹತ್ತುತ್ತವೆ. ಸುಮಾರು ಎರಡು ತಿಂಗಳು ಅರಮನೆ ಆವರಣದಲ್ಲಿ ಸಂಸಾರ ಹೂಡಿದ್ದ ಮಾವುತರು, ಕಾವಾಡಿಗಳು, ಅವರ ಹೆಂಗಸರು ಮಕ್ಕಳು ಪಾತ್ರೆ ಪಡಗ ಕಟ್ಟಿಕೊಂಡು ಹೊರಡುತ್ತಾರೆ. ದೀಪ ಇಳಿಸುವವರು ಏಣಿ ಹೊತ್ತು ಓಡಾಡುತ್ತಿರುತ್ತಾರೆ. ಬೆಳಗಿನ ಗಾಳಿಯಲ್ಲಿ ಆ ವರ್ಷದ ಮೊದಲ ಚಳಿ ತೆಳ್ಳಗೆ ತಾಗುತ್ತದೆ. ನಾನು ಹಿತ್ತಲಿಗಿಳಿದು ಸೊಪ್ಪಿನ ಮಡಿ ತೆಗೆಯುವುದು ಆ ವಾರದಲ್ಲೇ.

ಈ ಲೆಕ್ಕ ನನ್ನದಲ್ಲ. ಮೈಸೂರಿನ ಎಂ.ಜಿ. ರಸ್ತೆ ಮಾರುಕಟ್ಟೆಗೆ ಬೆಳಕು ಹರಿಯುವ ಮುಂಚೆ ಸೊಪ್ಪಿನ ಹೊರೆ ತರುವ ಒಬ್ಬ ಅಜ್ಜಿ ಕೊಟ್ಟದ್ದು. ನಾವು ಊರಂಚಿನ ಈ ಮನೆಗೆ ಬಂದ ಮೊದಲ ವರ್ಷ ಹಿತ್ತಲಲ್ಲಿ 20 ಅಡಿ ಉದ್ದ, 12 ಅಡಿ ಅಗಲದ ನೆಲ ಖಾಲಿ ಬಿದ್ದಿತ್ತು. ತಡೆಯಲಾರದೆ ಶ್ರಾವಣದಲ್ಲೇ ಅಗೆದು, ಮೆಂತ್ಯ, ಕೊತ್ತಂಬರಿ, ಪಾಲಕ್ ಮೂರನ್ನೂ ಒಂದೇ ದಿನ ಚೆಲ್ಲಿದೆ. ಮೂರನೆಯ ದಿನಕ್ಕೆ ಮೆಂತ್ಯ ಎದ್ದಿತು. ಹಸುರು ಚುಕ್ಕಿ ಚುಕ್ಕಿಯಾಗಿ ಮಡಿಯ ತುಂಬ ಹರಡಿದ್ದನ್ನು ನೋಡಲು ಮನೆಮಂದಿಯನ್ನೆಲ್ಲ ಕರೆದೆ. ವಾರದೊಳಗೆ ಒಂದೊಂದೇ ಸಸಿ ನೆಲಕ್ಕೆ ಒರಗತೊಡಗಿತು. ಕಿತ್ತು ನೋಡಿದರೆ ಮಣ್ಣಿಗೆ ತಾಗುವಲ್ಲಿ ಕಾಂಡ ದಾರದಂತೆ ಸಣಕಲಾಗಿ, ನೀರು ಕುಡಿದು ಕಪ್ಪಾಗಿತ್ತು. ಕೊತ್ತಂಬರಿ ಮೇಲಕ್ಕೆ ಬರಲೇ ಇಲ್ಲ.

ಅಜ್ಜಿಯ ಹತ್ತಿರ ಸೊಪ್ಪು ಕೊಳ್ಳುವಾಗ ಈ ಸಂಕಟ ಹೇಳಿಕೊಂಡೆ.

"ಯಾವತ್ತು ಚೆಲ್ದೆ ಮಗಾ?"

"ಶ್ರಾವಣದಲ್ಲಿ, ಅಜ್ಜಿ."

"ಅಯ್ಯೋ, ಆಗ ನೆಲ ಇನ್ನೂ ಬೆವರ್ತಾ ಇರ್ತದೆ ಕನವ್ವ. ಬೆವರೋ ನೆಲದಲ್ಲಿ ಮೆಂತ್ಯ ನಿಂತಾದಾ? ಆನೆ ಕಾಡ್ಗೆ ಹೋಗ್ಲಿ. ಆಮ್ಯಾಕೆ ಹಾಕು."

ನೆಲ ಬೆವರುವುದು ಎಂಬ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಕೃಷಿ ಪುಸ್ತಕಗಳು ಇದನ್ನೇ ಸಸಿ ಕೊಳೆ ರೋಗ ಎನ್ನುತ್ತವೆ. ಬೆಚ್ಚಗಿನ, ಸದಾ ಒದ್ದೆಯಾದ, ಗಾಳಿಯಾಡದ ಮಣ್ಣಿನಲ್ಲಿ ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿ ಹೆಚ್ಚುತ್ತದೆ. ಎಳೆಯ ಕಾಂಡ ಗಟ್ಟಿಯಾಗುವ ಮೊದಲೇ ಅದರ ಬುಡಕ್ಕೆ ಬಾಯಿ ಹಾಕುತ್ತದೆ. ಔಷಧಿ ಸಿಂಪಡಿಸಿ ಗೆಲ್ಲಲು ಹೊರಡುವುದಕ್ಕಿಂತ ನೆಲದ ಬೆವರು ಆರುವ ತನಕ ಕಾಯುವುದು ಸುಲಭ. ಸೊಪ್ಪಿನ ಕೃಷಿಯಲ್ಲಿ ಗೊಬ್ಬರ, ನೀರು, ಬೀಜದ ತಳಿ ಎಲ್ಲಕ್ಕೂ ಬೆಲೆ ಉಂಟು. ಆದರೆ ಎಲ್ಲಕ್ಕಿಂತ ಮೊದಲು ಬರುವುದು ತಾರೀಖು. ನನ್ನ ಅನುಭವದಲ್ಲಿ ಸರಿಯಾದ ವಾರದಲ್ಲಿ ಚೆಲ್ಲಿದ ಸಾಧಾರಣ ಬೀಜ, ತಪ್ಪು ವಾರದಲ್ಲಿ ಚೆಲ್ಲಿದ ಒಳ್ಳೆಯ ಬೀಜವನ್ನು ಪ್ರತಿ ಸಲವೂ ಹಿಂದೆ ಹಾಕಿದೆ.

ಆನೆಯ ಲೆಕ್ಕಕ್ಕೆ ಒಂದು ತಿದ್ದುಪಡಿ ಬೇಕು. ದಸರೆ ಚಾಂದ್ರಮಾನದ ಹಬ್ಬ. ಒಂದು ವರ್ಷ ಅಕ್ಟೋಬರ್ ಮೊದಲ ವಾರಕ್ಕೇ ಮುಗಿದರೆ ಇನ್ನೊಂದು ವರ್ಷ ಮೂರನೆಯ ವಾರ ದಾಟುತ್ತದೆ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು, ಹಾಗೆಲ್ಲ ಅಲ್ಲಾಡುವುದಿಲ್ಲ. ಹಸ್ತಾ ಸೆಪ್ಟೆಂಬರ್ 27ರ ಆಸುಪಾಸು ಹುಟ್ಟುತ್ತದೆ, ಚಿತ್ತಾ ಅಕ್ಟೋಬರ್ 10ರ ಸುಮಾರಿಗೆ, ಸ್ವಾತಿ 24ಕ್ಕೆ, ವಿಶಾಖ ನವೆಂಬರ್ 6ಕ್ಕೆ. ದಸರೆ ಬೇಗ ಬಂದ ವರ್ಷ ನಾನು ಮಣ್ಣು ಹದ ಮಾಡಿಟ್ಟುಕೊಂಡು ಚಿತ್ತಾ ಮಳೆಗೆ ಕಾಯುತ್ತೇನೆ. ಅದು ಎರಡು ಸಲ ಸುರಿದು ಬಿಟ್ಟ ಮೇಲೆ ಮೊದಲ ಮಡಿ. ಸ್ವಾತಿಯಲ್ಲಿ ಎರಡನೆಯದು.

ಯಾಕೆ ಈ ಸೊಪ್ಪುಗಳಿಗೆ ಇದೇ ಕಾಲ ಬೇಕು? ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ಪಾಲಕ್ ನಮ್ಮ ಅಡುಗೆಮನೆಯಲ್ಲಿ ಎಷ್ಟು ಹಳಬರೆಂದರೆ, ಇವು ಹೊರಗಿನವು ಎಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆಗಳ ಮೂಲ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳು ಮತ್ತು ಪಶ್ಚಿಮ ಏಷ್ಯಾ. ಈಜಿಪ್ಟಿನ ಟುಟಾಂಖಾಮುನ್ ದೊರೆಯ ಗೋರಿಯಲ್ಲಿ ಕೊತ್ತಂಬರಿ ಬೀಜವೂ ಮೆಂತ್ಯದ ಕಾಳೂ ಸಿಕ್ಕಿವೆ. ನಾವು ಪಾಲಕ್ ಎನ್ನುವುದು ಇಂಗ್ಲಿಷಿನವರ ಸ್ಪಿನಾಚ್ ಅಲ್ಲ, ಬೀಟ್‌ರೂಟಿನ ಒಡಹುಟ್ಟು. ಅದರ ಬುಡಕಟ್ಟೂ ಆ ಕಡಲ ದಂಡೆಯದೇ. ಆ ಸೀಮೆಯಲ್ಲಿ ಬೇಸಿಗೆ ಒಣಗಿರುತ್ತದೆ, ಮಳೆ ಬೀಳುವುದು ಚಳಿಗಾಲದಲ್ಲಿ. ತಂಪು ಹವೆ, ಮಣ್ಣಿನಲ್ಲಿ ಹಿತವಾದ ಹಸಿ, ಮೋಡವಿಲ್ಲದ ಬೆಳಕು ಮೂರೂ ಒಟ್ಟಿಗೆ ಸಿಕ್ಕರೆ ಮಾತ್ರ ಈ ಗಿಡಗಳು ಎಲೆಯ ಮೇಲೆ ಎಲೆ ಬಿಡುತ್ತವೆ. ನಮ್ಮಲ್ಲಿ ಅಂಥ ಹವೆ ಇರುವುದು ಹಿಂಗಾರಿನ ಹಸಿ ಉಳಿದ, ಮಾಗಿಯ ಚಳಿ ಕಾಲಿಟ್ಟ ಈ ನಾಲ್ಕು ತಿಂಗಳಲ್ಲಿ. ವರ್ಷದ ಮಿಕ್ಕ ದಿನ ಅವು ನಮ್ಮ ನೆಲದಲ್ಲಿ ಸೊಸೆಯಂತೆ ಬಾಳುತ್ತವೆ. ಈ ನಾಲ್ಕು ತಿಂಗಳು ತವರಿಗೆ ಬಂದ ಮಗಳಂತೆ ಇರುತ್ತವೆ.

ಹರಿವೆ, ದಂಟು ಈ ನೆಲದವೇ. ಅವಕ್ಕೆ ಬೇಕಾದ್ದು ಇದಕ್ಕೆ ಪೂರ್ತಿ ಉಲ್ಟಾ. ಹರಿವೆಯ ಎಲೆ ಬಿಸಿಲನ್ನು ಅಡುಗೆ ಮಾಡುವ ರೀತಿ ರಾಗಿ, ಜೋಳ, ಕಬ್ಬಿನದೇ ರೀತಿ. ವಿಜ್ಞಾನಿಗಳು ಇದನ್ನು ಸಿ-4 ಎನ್ನುತ್ತಾರೆ. ಸುಡುವ ಬಿಸಿಲಲ್ಲೂ ಕಡಿಮೆ ನೀರು ಖರ್ಚು ಮಾಡಿ ದಬದಬನೆ ಬೆಳೆಯುವ ಶಕ್ತಿ ಅದು. ಹಾಗಾಗಿಯೇ ಏಪ್ರಿಲ್ ಬೇಗೆಯಲ್ಲಿ ಕೊತ್ತಂಬರಿ ಕಡ್ಡಿಯಾದಾಗಲೂ ಹರಿವೆ ತಳತಳಿಸುತ್ತದೆ. ಆದರೆ ಹಗಲು ಕುಗ್ಗಿದರೆ ಅದು ಹೆದರುತ್ತದೆ. ಮೈಸೂರಿನಲ್ಲಿ ಜೂನಿನ ಅತಿ ದೀರ್ಘ ಹಗಲಿಗೂ ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯೂ ಇಲ್ಲ. ನಮಗೆ ಗೊತ್ತೂ ಆಗದ ಆ ವ್ಯತ್ಯಾಸ ಹರಿವೆಗೆ ಗೊತ್ತಾಗುತ್ತದೆ. ನವೆಂಬರಿನಲ್ಲಿ ಚೆಲ್ಲಿದ ಹರಿವೆ ಗೇಣುದ್ದ ಬೆಳೆಯುವಷ್ಟರಲ್ಲಿ ತೆನೆ ಹೊರಡಿಸಿ ನಿಲ್ಲುತ್ತದೆ. ಚಪ್ಪರದ ಬಸಳೆಯೂ ಇದೇ ಹೊತ್ತಿಗೆ ಹೂ ಕಚ್ಚಿ ಕಪ್ಪು ಹಣ್ಣಿಗೆ ಅಣಿಯಾಗುತ್ತದೆ. ಅಂದರೆ ದಸರೆಯ ಹೊತ್ತಿಗೆ ನನ್ನ ಹಿತ್ತಲಲ್ಲಿ ಪಾಳಿ ಬದಲಾಗುತ್ತದೆ. ಬೇಸಿಗೆಯಿಂದ ಮನೆಗೆ ಅನ್ನದ ಜೊತೆ ಕೊಟ್ಟ ಹರಿವೆಯಲ್ಲಿ ನಾಲ್ಕು ಒಳ್ಳೆಯ ಗಿಡಗಳನ್ನು ಬೀಜಕ್ಕೆ ಬಿಟ್ಟು, ಉಳಿದದ್ದನ್ನು ಕಿತ್ತು, ಅದೇ ನೆಲವನ್ನು ಮೆಂತ್ಯಕ್ಕೆ ಕೊಡುತ್ತೇನೆ.

ಎರಡನೆಯ ವರ್ಷ ತಾರೀಖು ಸರಿಮಾಡಿಕೊಂಡರೂ ಜಾಗದಲ್ಲಿ ತಪ್ಪಿದೆ. ನಮ್ಮ ಹಿತ್ತಲು ಮನೆಯ ಉತ್ತರಕ್ಕಿದೆ. ಜೂನಿನಲ್ಲಿ ಗೋಡೆ ಬುಡದಲ್ಲೇ ಧಾರಾಳ ಬಿಸಿಲು ಬೀಳುವುದನ್ನು ನೋಡಿದ್ದವಳು ಅಕ್ಟೋಬರಿನಲ್ಲಿ ಅಲ್ಲೇ ಮಡಿ ಮಾಡಿದೆ. ಸಸಿಗಳೆಲ್ಲ ಬಿಳಿಚಿಕೊಂಡು, ಕತ್ತು ಉದ್ದ ಮಾಡಿ, ಬೆಳಕು ಹುಡುಕುತ್ತ ವಾಲಿದವು. ನಮ್ಮೂರಿನ ಅಕ್ಷಾಂಶದಲ್ಲಿ ಜೂನಿನ ನಡುಮಧ್ಯಾಹ್ನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಆಗ 10 ಅಡಿ ಗೋಡೆಯ ನೆರಳು ದಕ್ಷಿಣಕ್ಕೆ, ಅದೂ ಎರಡಡಿಯಷ್ಟು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿದಾಗ ಅದೇ ಗೋಡೆ ನಡುಮಧ್ಯಾಹ್ನವೂ ಉತ್ತರಕ್ಕೆ 7 ಅಡಿ ನೆರಳು ಚಾಚುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಸೊಪ್ಪಿಗೆ ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಸಾಕು, ಅಷ್ಟಂತೂ ಬೇಕೇ ಬೇಕು. ಈಗ ನನ್ನ ಚಳಿಗಾಲದ ಮಡಿಗಳು ಕಾಂಪೌಂಡಿನ ಕಡೆ ಸರಿದಿವೆ. ತಾರಸಿಯಲ್ಲಿ ಕುಂಡ ಇಡುವವರೂ ನೀರಿನ ಟ್ಯಾಂಕಿನ ಯಾವ ಮಗ್ಗುಲಲ್ಲಿ ಇಡುತ್ತಿದ್ದೇವೆ ಎಂದು ಡಿಸೆಂಬರಿನ ಸೂರ್ಯನನ್ನು ಮನಸ್ಸಿನಲ್ಲಿಟ್ಟು ನೋಡಿಕೊಳ್ಳಬೇಕು.

ಮಣ್ಣಿನ ವಿಷಯ ಹೆಚ್ಚು ಬೆಳೆಸುವುದಿಲ್ಲ. ಒಂದು ಗೇಣು ಆಳ ಅಗೆದು, ಹೆಂಟೆ ಒಡೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಎರಡು ಬೆರಳು ದಪ್ಪ ಹರಡಿ ಬೆರೆಸಿದರೆ ಮುಗಿಯಿತು. ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಬೇಡ. ಕಾವು ಕೊಟ್ಟು ಬೇರು ಸುಡುತ್ತದೆ, ಗೊಣ್ಣೆಹುಳುವನ್ನೂ ತರುತ್ತದೆ. ಮಡಿ ನೆಲದಿಂದ ನಾಲ್ಕು ಬೆರಳು ಎತ್ತರವಿರಲಿ, ಹಿಂಗಾರಿನ ಮಳೆ ಎಂದು ಬರುತ್ತದೋ ಹೇಳಲಾಗದು. ಹದ ನೋಡುವುದು ಹೇಗೆ ಎಂದರೆ, ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಉಂಡೆ ಮಾಡಿ ಹೆಬ್ಬೆರಳಲ್ಲಿ ಒತ್ತಿದರೆ ಅದು ಪುಡಿಯಾಗಿ ಬೀಳಬೇಕು. ಅಂಟಿಕೊಂಡು ನಿಂತರೆ ಇನ್ನೆರಡು ದಿನ ಕಾಯಿರಿ.

ಕೊತ್ತಂಬರಿಯ ಬಗ್ಗೆ ಮಾತ್ರ ಸಾವಕಾಶವಾಗಿ ಹೇಳಬೇಕು. ಹಾಕಿದೆ, ಹುಟ್ಟಲಿಲ್ಲ ಎಂಬ ದೂರು ಅದರ ಮೇಲಿರುವಷ್ಟು ಬೇರೆ ಯಾವ ಸೊಪ್ಪಿನ ಮೇಲೂ ಇಲ್ಲ. ನಾವು ಕೊತ್ತಂಬರಿ ಬೀಜ ಎನ್ನುವ ಆ ಗುಂಡು ಕಾಳು ವಾಸ್ತವದಲ್ಲಿ ಒಂದು ಒಣ ಕಾಯಿ. ಒಳಗೆ ಎರಡು ಬೀಜ ನಡುವೆ ಟೊಳ್ಳು ಬಿಟ್ಟುಕೊಂಡು ಎದುರುಬದುರು ಕೂತಿರುತ್ತವೆ. ಕಾಯಿಯನ್ನು ಎರಡು ಹೋಳಾಗಿ ಒಡೆದು ಬಿತ್ತಿದರೆ ನೀರು ಬೇಗ ಒಳಗಿಳಿಯುತ್ತದೆ, ಗಿಡವೂ ಎರಡಾಗುತ್ತದೆ. ಒಡೆಯುವುದರಲ್ಲಿ ಕೈಯ ಅಳತೆ ಬೇಕು. ಗೋಣಿಚೀಲದ ಮೇಲೆ ಹರಡಿ ಲಟ್ಟಣಿಗೆಯನ್ನು ಹಗುರಾಗಿ ಉರುಳಿಸುತ್ತೇನೆ. ಚಟ್ ಎಂದು ಬಿಡಿಸಿಕೊಳ್ಳಬೇಕೇ ಹೊರತು ಪುಡಿಯಾಗಬಾರದು. ಆಮೇಲೆ ಒಂದು ರಾತ್ರಿ ನೆನೆ ಹಾಕಿ, ಬೆಳಿಗ್ಗೆ ನೀರು ಬಸಿದು, ನೆರಳಲ್ಲಿ ಆರಿಸಿ, ಅರ್ಧ ಬೆರಳು ಆಳದ ಗೆರೆಗಳಲ್ಲಿ ಉದುರಿಸುವುದು.

ಅಲ್ಲಿಂದ ಮುಂದಿನದು ತಾಳ್ಮೆಯ ಪರೀಕ್ಷೆ. 10 ದಿನ, ಕೆಲವು ಸಲ 14 ದಿನ ಮಡಿಯಲ್ಲಿ ಏನೂ ಕಾಣುವುದಿಲ್ಲ. ಜನ ಸೋಲುವುದು ಇಲ್ಲೇ. ಒಂಬತ್ತನೆಯ ದಿನ ಕೈಬಿಟ್ಟು ನೀರು ಹಾಕುವುದನ್ನು ನಿಲ್ಲಿಸುತ್ತಾರೆ. ಒಳಗೆ ಆಗಷ್ಟೇ ಬಾಯಿ ತೆರೆದ ಮೊಳಕೆ ಒಣಗಿ ಸಾಯುತ್ತದೆ. ಕೊತ್ತಂಬರಿ ಹುಟ್ಟಲಿಲ್ಲ ಎನ್ನುವವರ ಮಡಿಗಳಲ್ಲಿ ಬಹಳಷ್ಟು ಸಲ ಅದು ಹುಟ್ಟಿಯೇ ಇರುತ್ತದೆ. ನಾನು ಮಡಿಯ ಮೇಲೆ ತೆಂಗಿನ ಗರಿ ಹೊದೆಸಿ, ದಿನಾ ಬೆಳಿಗ್ಗೆ ಜಾಲರಿ ಬಾಯಿಯ ಕ್ಯಾನಿನಲ್ಲಿ ತೆಳ್ಳಗೆ ನೀರು ಚಿಮುಕಿಸುತ್ತೇನೆ. ಮೊದಲ ಜೋಡಿ ಎಲೆ ಕಂಡ ದಿನ ಗರಿ ತೆಗೆಯುತ್ತೇನೆ. ಒಂದು ದಿನ ತಡವಾದರೂ ಸಸಿ ಸೊರಗುತ್ತದೆ. ಇದರ ತಾಯಿಬೇರು ನೆಟ್ಟಗೆ ಇಳಿಯುವಂಥದ್ದು. ಕಿತ್ತು ಬೇರೆಡೆ ನೆಟ್ಟರೆ ಮುನಿಸಿಕೊಂಡು ಹೂವಿಗೆ ಹೋಗಿಬಿಡುತ್ತದೆ. ಬೀಜ ಎಲ್ಲಿ ಬಿತ್ತೋ ಅಲ್ಲೇ ಬೆಳೆಯಬೇಕು. 40 ದಿನಕ್ಕೆ ಮೊದಲ ಕೊಯ್ಲು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಇಶಾ ತಳಿ ಹಲವು ಕೊಯ್ಲಿಗೆ ಬರುವಂಥದ್ದು. ಆದರೆ ನನ್ನ ಮಡಿಯಲ್ಲಿರುವುದು ಸೊಪ್ಪಿನಜ್ಜಿ ಆ ಎರಡನೆಯ ವರ್ಷ ಒಂದು ಹಿಡಿ ಕೊಟ್ಟ ನಾಟಿ ಬೀಜ. ಕಾಳು ಚಿಕ್ಕದು, ಗಿಡ ಗಿಡ್ಡ, ಕಾಂಡಕ್ಕೆ ನೇರಳೆ ಛಾಯೆ. ಒಂದು ಗಿಡ ಕಿತ್ತರೆ ಅಡುಗೆಮನೆಯವರೆಗೂ ವಾಸನೆ ಹಿಂಬಾಲಿಸುತ್ತದೆ.

ಮೆಂತ್ಯಕ್ಕೆ ಇಷ್ಟು ಉಪಚಾರ ಬೇಕಿಲ್ಲ. ಅಡುಗೆಮನೆಯ ಡಬ್ಬಿಯ ಕಾಳನ್ನೇ ರಾತ್ರಿ ನೆನೆಸಿ ಬೆಳಿಗ್ಗೆ ಒತ್ತಾಗಿ ಚೆಲ್ಲಿ ಮೇಲೆ ಮಣ್ಣು ಉದುರಿಸಿದರೆ ಮೂರು ದಿನಕ್ಕೆ ಎದ್ದು, 25 ದಿನಕ್ಕೆ ಕಟ್ಟು ಕಟ್ಟುವ ಎತ್ತರಕ್ಕೆ ಬರುತ್ತದೆ. ಅದು ಅವರೆ, ತೊಗರಿಯ ಬಳಗ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಆದ್ದರಿಂದ ನಾನು ಮೆಂತ್ಯವನ್ನು ಬೇರುಸಹಿತ ಕೀಳುವುದಿಲ್ಲ, ಕುಡುಗೋಲಿನಿಂದ ಬುಡ ಬಿಟ್ಟು ಕೊಯ್ಯುತ್ತೇನೆ. ಬೇರು ಮಣ್ಣಿಗೇ ಸೇರಲಿ, ಅದರ ಮೇಲೆ ಬರುವ ಪಾಲಕ್ ಅದನ್ನು ಉಂಡು ಬೆಳೆಯುತ್ತದೆ. ಪಾಲಕ್ಕಿಗೆ ಹೇಳಬೇಕಾದ್ದು ಒಂದೇ. ಅದರ ಒಂದು ಕಾಳಿನಲ್ಲಿ ಎರಡು ಮೂರು ಬೀಜ ಅಂಟಿಕೊಂಡಿರುತ್ತವೆ; ಬಿಡಿಯಾಗಿ ಬಿತ್ತಿದರೂ ಗುಂಪಾಗಿ ಹುಟ್ಟುತ್ತವೆ, ತೆಳುವು ಮಾಡಲು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಹೊರಗಿನ ಎಲೆ ಮುರಿಯುತ್ತ, ನಡುವಿನ ಸುಳಿ ಉಳಿಸುತ್ತ ಹೋದರೆ ಮಾಘದವರೆಗೂ ಕೊಡುತ್ತದೆ.

ಮೂರನೆಯ ವರ್ಷ ಎಲ್ಲ ಸರಿಹೋಯಿತು, ಎಲ್ಲ ಒಟ್ಟಿಗೇ ಬಂತು. ಒಂದೇ ವಾರದಲ್ಲಿ ಮೆಂತ್ಯದ ಮಡಿ ಪೂರ್ತಿ ಕೊಯ್ಲಿಗೆ ನಿಂತಿತು. ಬೀದಿಯ ಎಲ್ಲ ಮನೆಗೂ ಹಂಚಿದೆ. ಮುಂದಿನ ಮೂರು ವಾರ ಮನೆಗೆ ಸೊಪ್ಪು ಕೊಂಡು ತಂದೆ. ಆಮೇಲೆ ನೆಲವನ್ನು ಚಿಕ್ಕ ಚಿಕ್ಕ ಮಡಿಗಳಾಗಿ ಸೀಳಿದೆ. ಮೂರಡಿಗೆ ನಾಲ್ಕಡಿಯ ಒಂದು ಮಡಿ, 10 ದಿನಕ್ಕೊಂದು ಬಿತ್ತನೆ. ಆನೆ ಹೊರಟ ವಾರ ಒಂದು, ಹತ್ತಿರ ಹತ್ತಿರ ದೀಪಾವಳಿಗೆ ಎರಡನೆಯದು ಮೂರನೆಯದು, ಕಾರ್ತಿಕದ ಕಡೆಗೆ ಮತ್ತೊಂದು. ಸಂಕ್ರಾಂತಿ ಕಳೆದ ಮೇಲೆ ಕೊತ್ತಂಬರಿ ಬಿತ್ತುವುದಿಲ್ಲ; ಅದು ಕೊಯ್ಲಿಗೆ ಬರುವಷ್ಟರಲ್ಲಿ ಬಿಸಿಲು ಏರಿ ಗಿಡ ದಂಟು ಎತ್ತಿಬಿಡುತ್ತದೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬಿತ್ತನೆಯ ದಿನವನ್ನು ಬರೆದಿಡುತ್ತೇನೆ.

ಈ ಋತುವನ್ನು ಸೊಪ್ಪಿನಿಂದಲೇ ಗುರುತು ಹಿಡಿಯುವ ಸೀಮೆಗಳು ನಮ್ಮಲ್ಲಿವೆ. ಆಶ್ವಯುಜದ ಹುಣ್ಣಿಮೆ ಮಲೆನಾಡಿಗೆ ಭೂಮಿ ಹುಣ್ಣಿಮೆ. ಹೊಡೆ ಕಟ್ಟಿದ ಬತ್ತದ ಗದ್ದೆ ಬಸುರಿ ಹೆಣ್ಣು, ಅವಳಿಗೆ ಸೀಮಂತ. ಸಾಗರ, ಸೊರಬದ ಕಡೆ ಹೆಂಗಸರು ಹಿಂದಿನ ದಿನವೇ ಬೇಲಿ ಸಾಲಿನಲ್ಲಿ, ಹಿತ್ತಲಲ್ಲಿ, ಕಾಡಂಚಿನಲ್ಲಿ ಅಲೆದು ಬಗೆಬಗೆಯ ಸೊಪ್ಪು, ಕುಡಿ ಕೂಡಿಸುತ್ತಾರೆ. ನೂರೊಂದು ಬಗೆ ಎಂಬುದು ವಾಡಿಕೆಯ ಮಾತು. ರಾತ್ರಿಯೆಲ್ಲ ಅಡುಗೆ ನಡೆದು, ಆ ಬೆರಕೆ ಸೊಪ್ಪಿನ ಹಚ್ಚಂಬಲಿಯನ್ನು ಕೆಮ್ಮಣ್ಣು ಬಳಿದು ಬಿಳಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಬೆಳಗಾಗುವ ಮುಂಚೆ ಗದ್ದೆಗೆ ಬೀರುತ್ತಾರೆ. ಬಸುರಿಯ ಬಯಕೆಗೆ ಮೊದಲು ಹೊಳೆದದ್ದು ಸಿಹಿಯಷ್ಟೇ ಅಲ್ಲ, ಸೊಪ್ಪು. ಆ ಹೆಂಗಸರ ತಿಳಿವಿಗೆ ನಾನು ಕೈ ಮುಗಿಯುತ್ತೇನೆ. ಒಂದು ಮನೆಯವರು ಒಂದು ಸಂಜೆಯಲ್ಲಿ ಅಷ್ಟು ಬಗೆ ಎಲೆಗಳನ್ನು ಹೆಸರು ಹಿಡಿದು ಕಿತ್ತು ತರಬಲ್ಲರೆಂದರೆ, ಅದಕ್ಕಿಂತ ದೊಡ್ಡ ಸಸ್ಯಶಾಸ್ತ್ರದ ಪಾಠಶಾಲೆ ಯಾವುದು?

ಉತ್ತರ ಕರ್ನಾಟಕದ ಎರೆ ಹೊಲಗಳಲ್ಲಿ ಬಿತ್ತುವುದು ಬೇರೆ ಬೆಳೆಗೆ, ಸೊಪ್ಪು ದಾರಿಯಲ್ಲಿ ಸಿಕ್ಕ ಲಾಭ. ಹಿಂಗಾರಿಗೆ ಹಾಕಿದ ಕಡಲೆ ತಿಂಗಳ ಪೈರಾದಾಗ ತುದಿ ಕುಡಿ ಚಿವುಟುತ್ತಾರೆ. ಚಿವುಟಿದಲ್ಲಿ ಗಿಡ ಕವಲೊಡೆದು ಕಾಯಿ ಹೆಚ್ಚುತ್ತದೆ. ಚಿವುಟಿದ್ದು ಮನೆಗೆ ಬಂದು ಕಡ್ಲಿ ಪಲ್ಲೆಯಾಗುತ್ತದೆ. ಎಳೆಯ ಕುಸುಬಿ ಎಲೆಯೂ ಹಾಗೆಯೇ. ಕಡಲೆ ಎಲೆಯ ಸಣ್ಣ ರೋಮಗಳು ಹುಳಿ ಒಸರುತ್ತವೆ. ಅದು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ರಾತ್ರಿ ಹೊಲದ ಮೇಲೆ ಬಿಳಿ ಬಟ್ಟೆ ಹಾಸಿ, ಇಬ್ಬನಿಯ ಜೊತೆ ಇಳಿದ ಹುಳಿಯನ್ನು ಬೆಳಿಗ್ಗೆ ಹಿಂಡಿ ಶೇಖರಿಸಿ ಹೊಟ್ಟೆನೋವಿಗೆ ಇಟ್ಟುಕೊಳ್ಳುವ ಪದ್ಧತಿ ಹಿಂದಿನಿಂದ ಬಂದದ್ದು. ಮುಂದೆ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತಾಗ ಸಜ್ಜಿ ರೊಟ್ಟಿಯ ಪಕ್ಕ ಹಸಿ ಮೆಂತೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು. ನಮ್ಮ ಹಳೇ ಮೈಸೂರು ಕಡೆ ಸೊಪ್ಪನ್ನು ಬೇಯಿಸದೆ ಮುಟ್ಟುವುದು ಕಡಿಮೆ. ಹುಬ್ಬಳ್ಳಿಯ ಗೆಳತಿಯೊಬ್ಬಳು ನನ್ನ ಮಡಿಯ ಎಳೆ ಮೆಂತ್ಯವನ್ನು ನಿಂತಲ್ಲೇ ಕೊಯ್ದು, ಈರುಳ್ಳಿ, ಶೇಂಗಾ ಪುಡಿ ಬೆರೆಸಿ ಪಚಡಿ ಮಾಡಿ ತಿನ್ನಿಸಿದ ದಿನ, ಅಷ್ಟು ವರ್ಷ ಏನು ಕಳೆದುಕೊಂಡಿದ್ದೆ ಎಂದು ಗೊತ್ತಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಕಷ್ಟವನ್ನೂ ಹೇಳಬೇಕು. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಮೂರು ದಿನ ಜಡಿಮಳೆ. ವಾರದ ಸಸಿಯ ಮಡಿ ಆಗ ಉಳಿಯುವುದು ಕಷ್ಟ, ಬಿದಿರು ದಬ್ಬೆ ಬಗ್ಗಿಸಿ ಪ್ಲಾಸ್ಟಿಕ್ ಹೊದೆಸಿ, ಮಳೆ ನಿಂತ ತಕ್ಷಣ ತೆಗೆಯುತ್ತೇನೆ. ಮಳೆ ಬಿಟ್ಟ ರಾತ್ರಿ ದೊಡ್ಡ ಆಫ್ರಿಕನ್ ಬಸವನಹುಳುಗಳು ಗೋಡೆಯಿಂದ ಇಳಿಯುತ್ತವೆ. ಅವಕ್ಕೆ ಮದ್ದು ಟಾರ್ಚು ಮತ್ತು ಬಕೆಟ್ಟು ಮಾತ್ರ. ಒದ್ದೆ ಗೋಣಿಯ ಕೆಳಗೆ ಎಲೆಕೋಸಿನ ಸಿಪ್ಪೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಅಲ್ಲೇ ಗುಂಪುಗೂಡಿರುತ್ತವೆ. ಬರಿಗೈಯಲ್ಲಿ ಮುಟ್ಟಬಾರದು. ಪಾಲಕ್ ಎಲೆಯೊಳಗೆ ಬಿಳಿ ಗೆರೆ ಎಳೆಯುವ ಸುರಂಗ ಹುಳು ಕಂಡರೆ ಆ ಎಲೆಯನ್ನು ಅಂದೇ ಕಿತ್ತು ಹಾಕಬೇಕು. ಕೊತ್ತಂಬರಿಗೆ ಹೇನು ಹತ್ತುವುದು ಚಳಿ ಜೋರಾದಾಗ. ಯೂರಿಯಾ ಸುರಿದು ಎಲೆಯನ್ನು ಮೆದು ಮಾಡಿದ ಮಡಿಗೆ ಅದು ಮೊದಲು ಬರುತ್ತದೆ. ನಾನು ಸಬ್ಬಸಿಗೆ, ಕೊತ್ತಂಬರಿ ಎರಡರಲ್ಲೂ ಕೆಲವು ಗಿಡಗಳನ್ನು ಹೂವಿಗೆ ಬಿಡುತ್ತೇನೆ. ಆ ಕೊಡೆಯಂಥ ಹೂಗೊಂಚಲಿಗೆ ಪಟ್ಟೆ ಮೈಯ ಹೂನೊಣಗಳು ಬರುತ್ತವೆ, ಅವುಗಳ ಮರಿಹುಳುಗಳು ಹೇನನ್ನು ತಿಂದು ಬದುಕುತ್ತವೆ. ಹರಿವೆಯ ಶತ್ರು ಇರುವೆ. ಗ್ರಾಂಗೆ ಸಾವಿರಕ್ಕೂ ಹೆಚ್ಚು ಬರುವ ಆ ಚಿಕ್ಕ ಬೀಜವನ್ನು ಸಾಲುಗಟ್ಟಿ ಹೊತ್ತೊಯ್ಯುತ್ತದೆ. ಬೀಜಕ್ಕೆ ಒಂದು ಹಿಡಿ ರವೆ ಬೆರೆಸಿ ಚೆಲ್ಲಿದರೆ ಅದು ರವೆಯನ್ನು ಹೊರುವುದರಲ್ಲಿ ಮುಳುಗಿರುತ್ತದೆ.

ಮಾರುಕಟ್ಟೆಯಲ್ಲಿ ಕಟ್ಟು ಕಟ್ಟು ಸಿಗುವಾಗ ಇಷ್ಟು ಪಾಡು ಏಕೆ ಎಂದು ಕೇಳುವವರಿದ್ದಾರೆ. ಮೊದಲ ಕಾರಣ ನೀರು. ಬೆಂಗಳೂರಿನ ವೃಷಭಾವತಿಯ ಕೆಳಗಿನ ಹೊಲಗಳಲ್ಲಿ, ಊರಿನ ಕೊಳಚೆ ಸೇರುವ ಕೆರೆಗಳ ಅಂಚಿನಲ್ಲಿ ಬೆಳೆದ ತರಕಾರಿಗಳನ್ನು ಸಂಶೋಧಕರು ಪರೀಕ್ಷಿಸಿ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳನ್ನು ಕಂಡಿದ್ದಾರೆ. ಸೊಪ್ಪು ಕಾಯಿಪಲ್ಯಗಳಿಗಿಂತ ಹೆಚ್ಚಾಗಿ ಅವನ್ನು ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ತೊಳೆದರೆ ಹೋಗುವುದಿಲ್ಲ. ಅದಕ್ಕೆ ಬೆಳೆಯುವವರನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ. ಹೊಳೆಯನ್ನು ಕೆಡಿಸಿದ್ದು ಅವರಲ್ಲ, ಮೇಲಿನ ಊರು. ಬೇರೆ ನೀರಿಲ್ಲದ ಕಡೆ ಅವರು ಇದ್ದ ನೀರನ್ನು ಹಾಯಿಸಿದರು. ಊರು ತನ್ನ ಕೊಳೆಯನ್ನು ತಾನು ಶುದ್ಧ ಮಾಡುವ ತನಕ ಅದು ತಟ್ಟೆಗೆ ಮರಳಿ ಬರುತ್ತಲೇ ಇರುತ್ತದೆ.

ಎರಡನೆಯ ಕಾರಣ ಹೊತ್ತು. ಸೊಪ್ಪು ಕೊಯ್ದ ಮೇಲೂ ಉಸಿರಾಡುತ್ತಿರುತ್ತದೆ. ನೀರು ಕಳೆದುಕೊಳ್ಳುತ್ತದೆ, ಸಿ ಜೀವಸತ್ವ ಗಂಟೆಗಂಟೆಗೂ ಇಳಿಯುತ್ತದೆ. ಹಿಂದಿನ ಸಂಜೆ ಹೊಲದಲ್ಲಿ ಕೊಯ್ದು, ರಾತ್ರಿ ಟೆಂಪೋದಲ್ಲಿ ಬಂದು, ಬೆಳಿಗ್ಗೆ ನೀರು ಚಿಮುಕಿಸಿಕೊಂಡು ಕೂತ ಕಟ್ಟಿಗೂ, ಒಲೆಯ ಮೇಲೆ ಬೇಳೆ ಕುದಿಯುವಾಗ ಹೋಗಿ ಕಿತ್ತು ತಂದ ಹಿಡಿಗೂ ರುಚಿಯಲ್ಲೇ ಅಂತರ ಗೊತ್ತಾಗುತ್ತದೆ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಅಂತರ್ಜಲ ಹುಡುಕುವುದು, ಗಿಡಮರಗಳ ಆರೈಕೆ, ಅಡುಗೆ ಮೂರೂ ಒಂದೇ ಹೊತ್ತಗೆಯ ಅಧ್ಯಾಯಗಳು. ಬಾವಿ, ತೋಟ, ಒಲೆ ಒಂದೇ ಅಂಗಳದಲ್ಲಿದ್ದವರಿಗೆ ಹಾಗೆ ಬರೆಯುವುದು ಸಹಜವಾಗಿ ತೋರಿರಬೇಕು.

ನನ್ನ ಮಟ್ಟಿಗೆ ಈ ಋತುವಿನ ತುದಿ ಎಂದರೆ ಸಬ್ಬಸಿಗೆ ಮತ್ತು ಅವರೆ ಒಟ್ಟಿಗೆ ಸಿಗುವ ಮಾರ್ಗಶಿರದ ದಿನಗಳು. ಕಾರ್ತಿಕದಲ್ಲಿ ಚೆಲ್ಲಿದ ಸಬ್ಬಸಿಗೆ 40 ದಿನಕ್ಕೆ ಮೊಣಕಾಲೆತ್ತರ ನಿಂತಿರುತ್ತದೆ, ಬೆಳಗಿನ ಮಂಜು ಅದರ ಎಳೆಎಳೆಗೂ ಮಣಿ ಪೋಣಿಸಿರುತ್ತದೆ. ಅಷ್ಟರಲ್ಲಿ ಸೊಗಡು ಅವರೆ ಬಂದಿರುತ್ತದೆ. ಕಾಳು ಬೆಂದ ನೀರು ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿ ಬಸ್ಸಾರು; ಬೆಂದ ಕಾಳಿಗೂ ಸೊಪ್ಪಿಗೂ ಒಗ್ಗರಣೆ ಕೊಟ್ಟು ಪಲ್ಯ; ನಡುವೆ ಬಿಸಿ ಮುದ್ದೆ. ಸಬ್ಬಸಿಗೆಯನ್ನು ಕೊನೆಗೆ ಹಾಕಬೇಕು, ಬೆಂದಷ್ಟೂ ಅದರ ಘಮ ಹಾರಿಹೋಗುತ್ತದೆ. ಬಾಣಂತಿಯರಿಗೆ ಹಾಲು ಹೆಚ್ಚಲೆಂದು ಇದೇ ಸೊಪ್ಪನ್ನು ಉಣಿಸುವ ನಮ್ಮ ಮನೆಗಳಲ್ಲಿ ಕೆಲವು ಗಂಡಸರು ಇದರ ವಾಸನೆಗೆ ಮೂಗು ಮುರಿಯುತ್ತಾರೆ. ಎಳೆಯ ಸಬ್ಬಸಿಗೆ ಹೆಚ್ಚಿ ಕಲಸಿದ ಅಕ್ಕಿ ರೊಟ್ಟಿಯನ್ನು ಹೆಂಚಿನಿಂದ ನೇರ ತಟ್ಟೆಗೆ ಹಾಕಿ ನೋಡಿ, ಅವರೂ ಇನ್ನೊಂದು ಕೇಳುತ್ತಾರೆ.

ಶಿವರಾತ್ರಿ ಹೊತ್ತಿಗೆ ಮಡಿಗಳಲ್ಲಿ ಉಳಿಯುವುದು ಬೀಜಕ್ಕೆ ಬಿಟ್ಟ ಗಿಡಗಳು ಮಾತ್ರ. ನಾಟಿ ಕೊತ್ತಂಬರಿಯ ಕಾಯಿ ಹಸುರಿನಿಂದ ಕಂದಿಗೆ ತಿರುಗಿದಾಗ ಗೊಂಚಲು ಕತ್ತರಿಸಿ, ಕಾಗದದ ಚೀಲದಲ್ಲಿ ತಲೆಕೆಳಗು ಮಾಡಿ ತೂಗುಹಾಕುತ್ತೇನೆ. ಉದುರಿದ ಕಾಳನ್ನು ಒಣಬೂದಿ ಬೆರೆಸಿ ಗಾಜಿನ ಸೀಸೆಗೆ ತುಂಬಿಸುತ್ತೇನೆ. ಹತ್ತು ವರ್ಷದಿಂದ ಒಂದು ವರ್ಷವೂ ತಪ್ಪಿಸಿಲ್ಲ.

ಹೋದ ವರ್ಷ ದಸರೆಗೆ ಮುಂಚೆ, ಆನೆಗಳ ತಾಲೀಮು ನಡೆಯುತ್ತಿದ್ದ ದಿನಗಳಲ್ಲಿ, ಬೆಳಿಗ್ಗೆ ಮಾರುಕಟ್ಟೆಗೆ ಹೋಗಿದ್ದೆ. ಸೊಪ್ಪಿನಜ್ಜಿಗೆ ಈಗ ಬೆನ್ನು ಬಾಗಿದೆ. ಹೊರೆ ಹೊರುವವನು ಮೊಮ್ಮಗ, ಅವಳು ಪಕ್ಕದಲ್ಲಿ ಕೂತು ಕಟ್ಟು ಎಣಿಸುತ್ತಾಳೆ. ಅವರ ಗುಡ್ಡೆಯಲ್ಲಿದ್ದದ್ದು ಉದ್ದ ಕಾಂಡದ, ಅಗಲ ಎಲೆಯ ಫಾರಂ ಕೊತ್ತಂಬರಿ.

"ನಾಟಿ ಇಲ್ವಾ ಅಜ್ಜಿ?"

"ಅದು ಹೋಯ್ತು ಕನವ್ವ. ಹೋದ್ಸಲ ಮಳೆ ಹಿಡ್ದು ಬಿತ್ನೆಗೆ ಬುಟ್ಟಿದ್ದೆಲ್ಲಾ ಕೊಳೀತು. ಹುಡುಗ್ರು ಪ್ಯಾಕೆಟ್ಟು ತಂದವ್ರೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅವತ್ತು ಕೊಟ್ಟಿದ್ನಲ್ಲ, ಆ ಬಿತ್ನೆ ನಿನ್ತಾವ ಇನ್ನೂ ಅದಾ?"

ಮರುದಿನ ಸೀಸೆಯಲ್ಲಿದ್ದುದರಲ್ಲಿ ನನ್ನ ನಾಲ್ಕು ಮಡಿಗೆ ಬೇಕಾದಷ್ಟು ಉಳಿಸಿ, ಮಿಕ್ಕದ್ದನ್ನು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ ಒಯ್ದೆ. ಅಜ್ಜಿ ಗಂಟು ಬಿಚ್ಚಿ, ಒಂದು ಕಾಳು ಎತ್ತಿ ಬೂದಿ ಒರೆಸಿ ಹಲ್ಲಿನಲ್ಲಿ ಕಚ್ಚಿದಳು. ಕಣ್ಣು ಮುಚ್ಚಿ ಅಗಿದಳು. ಆಮೇಲೆ ಗಂಟನ್ನು ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಗುಡ್ಡೆಯಿಂದ ಎರಡು ಕಟ್ಟು ದಂಟು ಎತ್ತಿ ನನ್ನ ಚೀಲಕ್ಕೆ ಹಾಕಿದಳು. ದುಡ್ಡು ಕೊಡಲು ಹೋದರೆ ನನ್ನ ಕೈಯನ್ನು ಹಾಗೇ ಮಡಚಿ ಹಿಂದಕ್ಕೆ ತಳ್ಳಿ, ಹಿಂದೆ ನಿಂತಿದ್ದ ಗಿರಾಕಿಯ ಕಡೆ ತಿರುಗಿದಳು.